ಬುತ್ತಿ ಡಬ್ಬಿ ಯಾರ ಡ್ಯೂಟಿ?

ಗೆಳೆಯರೇ, ಇವತ್ತು ಬೈಲಹೊಂಗಲ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಇಂಗ್ಲಿಷಿನ ಮರ್ಯಾದೆ ಹೋಯಿತು. ಹಾಸ್ಟೆಲ್ ಮೆಸ್ಸಿಗೆ ರಜೆ. ಅವ್ವ ಮುರಗೋಡದಿಂದ ಬಸ್ಸಿನಲ್ಲಿ ಕಳಿಸುವ ಬುತ್ತಿಗಾಗಿ ರೂಮಿನಲ್ಲಿ ನನ್ನ ಜೊತೆಗಾರರು ಮೂವರು ಹಸಿದು ಕೂತಿದ್ದರು. ಬಸ್ಸೇನೋ ಬಂತು, ಕಂಡಕ್ಟರ್ ಮಾತ್ರ ಹೊಸಬ.

"ಸರ್, ನಮ್ಮ ಡಬ್ಬಿ?"

"ಯಾವ ಡಬ್ಬಿಪಾ? ಡಬ್ಬಿ ನೋಡೂದು ನನ್ನ ಡ್ಯೂಟಿ ಅಲ್ಲ."

ನಾನೂ ಬಿಡದೆ, "ಬಟ್ ಸರ್, ಯು ಆರ್ ಆನ್ ಡ್ಯೂಟಿ!" ಎಂದುಬಿಟ್ಟೆ.

"ಈಗ ಮುಗೀತು ನೋಡು ಡ್ಯೂಟಿ," ಎಂದು ಆತ ಚಹಾ ಕುಡಿಯಲು ನಡೆದ.

ಅಷ್ಟರಲ್ಲಿ ಡ್ರೈವರ್ ಕಾಕಾ ಸೀಟಿನ ಹಿಂದಿನಿಂದ ಡಬ್ಬಿ ತೆಗೆದು ಕಿಟಕಿಯಿಂದ ಚಾಚಿದರು. "ತಗೋ ತಮ್ಮಾ. ನಿಮ್ಮವ್ವ ನನ್ನ ಕೈಯಾಗ ಕೊಟ್ಟಾಳ."

"ಥ್ಯಾಂಕ್ಸ್ ಕಾಕಾ! ಇದು ನಿಮ್ಮ ಡ್ಯೂಟಿ ಏನ್ರಿ?"

"ಡ್ಯೂಟಿ ಆಗಿದ್ರ ಒಂದಿನಾರ ರಜಾ ಹಾಕತಿದ್ನಿ. ಸಂಜಿಗೆ ಖಾಲಿ ಡಬ್ಬಿ ತೊಳದು ತಂದು ಕೊಡು. ಇಲ್ಲಂದ್ರ ನಿಮ್ಮವ್ವ ನನ್ನ ಬಿಡೂದಿಲ್ಲ."

ರೂಮಿಗೆ ಬಂದು ಮುಚ್ಚಳ ತೆಗೆದರೆ ಹೋಳಿಗೆ! "ತಿನ್ನೂದು ನಮ್ಮ ಡ್ಯೂಟಿ ಬಿಡಪಾ," ಎಂದು ಮೂವರೂ ಕೈ ಹಾಕಿದರು. ಈ ಡ್ಯೂಟಿಗೆ ಯಾರೂ ರಜೆ ಹಾಕಲಿಲ್ಲ.

ನನ್ನ ಪಾಲಿಗೆ ಅರ್ಧ ಹೋಳಿಗೆ ಬಂತು. ಡಬ್ಬಿ ತೊಳೆಯುವ ಡ್ಯೂಟಿ ಮಾತ್ರ ಇಡಿಯಾಗಿ ಬಂತು.