ಅಜ್ಜಿಯ ಬುಟ್ಟಿಗೆ ಧನ್ಯಾ ಬರೆದ ಚಿತ್ತಾರ

ಹೋದ ವರ್ಷ ಭೂಮಿ ಹುಣ್ಣಿಮೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ನಡೆದದ್ದು ಇದು. ಅದರ ಹಿಂದಿನ ವರ್ಷ ನಾವು ಹಬ್ಬ ಮಾಡಿರಲಿಲ್ಲ. ಆ ಮಳೆಗಾಲದಲ್ಲಿ ನಮ್ಮ ಅತ್ತೆ ತೀರಿಕೊಂಡಿದ್ದರು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ನಿಜ ಹೇಳಬೇಕೆಂದರೆ ಮರುವರ್ಷವೂ ನನಗೆ ಹಬ್ಬ ಬೇಡವಾಗಿತ್ತು.

ಸಿದ್ದಾಪುರದ ಕಡೆ ನಮ್ಮಂಥ ಗದ್ದೆ ಮಾಡುವ ಮನೆಗಳಲ್ಲಿ ಈ ಹಬ್ಬಕ್ಕೆ ಭೂಮಣ್ಣಿ ಬುಟ್ಟಿ ಬೇಕೇ ಬೇಕು. ಭತ್ತ ತೆನೆ ಕಟ್ಟುವ ಹೊತ್ತು ಅದು. ಭೂಮಿ ಬಸುರಿ ಎಂದು ಬಗೆಬಗೆಯ ಅಡಿಗೆ ಮಾಡಿ, ಬೆಳಕು ಹರಿಯುವ ಮೊದಲೇ ಬುಟ್ಟಿಯಲ್ಲಿ ಗದ್ದೆಗೆ ಒಯ್ದು ಬಡಿಸುತ್ತೇವೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನಿಂದ ಚಿತ್ತಾರ ಬರೆಯಬೇಕು. ನಮ್ಮ ಮನೆಯಲ್ಲಿ ಬರೆಯುತ್ತಿದ್ದವರು ಅತ್ತೆ ಒಬ್ಬರೇ. ನಾನು ಯಲ್ಲಾಪುರದ ಕಡೆಯವಳು, ತವರಿನಲ್ಲಿ ಈ ರೂಢಿ ಇರಲಿಲ್ಲ. ಅತ್ತೆ ಜಗಲಿಯಲ್ಲಿ ಬುಟ್ಟಿ ಹಿಡಿದು ಕೂತರೆ ನಾನು ಒಳಗೆ ಒಲೆ ಮುಂದೆ ಇರುತ್ತಿದ್ದೆ. ಬರೆದು ಮುಗಿದ ಮೇಲೆ ನೋಡಿ "ಚಂದ ಆಗ್ಯದೆ ಅತ್ತೆ" ಅನ್ನುತ್ತಿದ್ದೆ, ಅಷ್ಟೆ.

ಮಗಳು ಧನ್ಯಾಳ ವಿಷಯ ಹೇಳದೆ ಮುಂದೆ ಬರೆಯಲಾರೆ. ಆಗ ಅವಳು ಮೂರನೇ ತರಗತಿ. ನಡೆಯಲು ಕಲಿತಾಗಿನಿಂದ ಕೂತವಳಲ್ಲ. ಊಟದ ನಡುವೆ ಎದ್ದು ಓಡುವುದು, ಒಂದು ಮಾತು ಕೇಳಿ ಅದಕ್ಕೆ ಉತ್ತರ ಬರುವುದರೊಳಗೆ ಇನ್ನೊಂದು ಕೇಳುವುದು, ಶಾಲೆಯ ಚೀಲ ಬಸ್ಸಿನಲ್ಲೇ ಬಿಟ್ಟು ಬರುವುದು. ಶಾಲೆಯ ಮೇಷ್ಟ್ರು ಒಳ್ಳೆಯವರೇ. ಆದರೆ ಅವರೂ ಸೋತು, "ಹಿಡಿದ ಒಂದು ಕೆಲಸವನ್ನೂ ಇವಳು ಮುಗಿಸೋದಿಲ್ಲ ನೋಡಿ" ಎಂದಿದ್ದರು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಇದು ಎಡಿಎಚ್‌ಡಿ, ಗಮನ ನಿಲ್ಲದಿರುವ ತೊಂದರೆ, ಹಟವೂ ಅಲ್ಲ, ನಿಮ್ಮ ಸಾಕಣೆಯ ತಪ್ಪೂ ಅಲ್ಲ ಎಂದು ತಿಳಿಸಿ ಹೇಳಿದರು. ಗುಳಿಗೆ ಬರೆದುಕೊಟ್ಟು, ಜೊತೆಗೆ ಶಿರಸಿಯಲ್ಲಿ ಇಂಥ ಮಕ್ಕಳಿಗಾಗಿ ಚಿತ್ರ, ಮಣ್ಣು, ಡೋಲು ಇವುಗಳ ಮೂಲಕ ಚಿಕಿತ್ಸೆ ಕೊಡುವವರೊಬ್ಬರು ಇದ್ದಾರೆ, ಅಲ್ಲಿಗೂ ಕರೆದುಕೊಂಡು ಹೋಗಿ ಎಂದರು.

ಅತ್ತೆ ಇದ್ದಾಗ ಎಡಿಎಚ್‌ಡಿ ಎಂಬ ಹೆಸರೇ ನಮಗೆ ಗೊತ್ತಿರಲಿಲ್ಲ. ಧನ್ಯಾಳ ಓಟ ಅವರಿಗೆ ಒಂದು ತೊಂದರೆ ಅನಿಸಿರಲೇ ಇಲ್ಲ. "ಓಡ್ಲಿ ಬಿಡೆ, ಕಾಲು ಇರೋದು ಎಂತಕ್ಕೆ?" ಅನ್ನುತ್ತಿದ್ದರು. ಅವರು ಹೋದ ಮೇಲೆ ಆ ಮಾತು ಹೇಳುವವರು ಮನೆಯಲ್ಲಿ ಇಲ್ಲವಾದರು.

ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಶಿರಸಿಗೆ ಹೋಗತೊಡಗಿದೆವು. ಪೇಟೆಯಲ್ಲಿ ಒಂದು ಅಂಗಡಿಯ ಮೇಲಿನ ಉದ್ದನೆಯ ಕೋಣೆ. ಕಲಿಸುವವರು ವಿದ್ಯಾ ಎಂಬ ಹುಡುಗಿ, ಮಕ್ಕಳೆಲ್ಲ ವಿದ್ಯಕ್ಕ ಅನ್ನುತ್ತಿದ್ದರು. ಮೊದಲ ದಿನ ಧನ್ಯಾ ಬಾಗಿಲು ದಾಟಿದವಳೇ ಡೋಲಿನ ಮೇಲೆ ಬಿದ್ದಳು. ಬಡಿದೂ ಬಡಿದೂ ಕೆಳಗಿನ ಅಂಗಡಿಯವರು ಮೇಲೆ ಬಂದು ನೋಡಿ ಹೋದರು. ನನಗೆ ನಾಚಿಕೆಯಾಗಿ ಎಳೆಯಲು ಹೋದೆ. ವಿದ್ಯಾ ತಡೆದರು.

"ಬಡೀಲಿ ಬಿಡಿ. ಕೈ ಹೇಳಿದಂಗೆ ಕೇಳೋದಕ್ಕೆ ಮುಂಚೆ ಕೈಗೆ ಬೇಕಾದ್ದು ಸಿಗಬೇಕಲ್ಲ."

"ಇದರಿಂದ ಇವಳು ಓದ್ತಾಳಾ ಮೇಡಂ?" ಎಂದೆ.

"ಓದೋದು ಆಮೇಲೆ ನೋಡೋಣ. ಎಲ್ಲ ಮಕ್ಕಳೂ ಕೆಲಸದ ಮಧ್ಯೆ ಎದ್ದು ಹೋಗ್ತಾರೆ. ಇಂಥವರಿಗೆ ವಾಪಸ್ ಬರೋ ದಾರಿ ಸಿಗೋದಿಲ್ಲ, ಅಷ್ಟೆ. ಇಲ್ಲಿ ಆ ದಾರಿ ಮಾಡ್ಕೊಡ್ತೀವಿ."

ಅವರ ಕ್ರಮ ನೋಡಲು ಆಟದಂತೆ ಇತ್ತು. ಸ್ವಲ್ಪ ಹೊತ್ತು ಡೋಲು, ಸ್ವಲ್ಪ ಹೊತ್ತು ಮಣ್ಣು ಕಲಸುವುದು, ಆಮೇಲೆ ನೆಲದ ಮೇಲೆ ಹಾಸಿದ ದೊಡ್ಡ ಕಾಗದದ ಮೇಲೆ ಚಿತ್ರ. ಏಳಬೇಕು ಅನಿಸಿದರೆ ಏಳಬಹುದು. ಆದರೆ ಬಿಟ್ಟ ಜಾಗದಲ್ಲಿ ಒಂದು ಕಡ್ಡಿ ಇಟ್ಟು ಹೋಗಬೇಕು. ಓಡಿ, ಕುಣಿದು ಬಂದು, ಆ ಕಡ್ಡಿ ಎತ್ತಿ ಅಲ್ಲಿಂದಲೇ ಮುಂದುವರಿಸಬೇಕು. ಮೊದಲ ವಾರಗಳಲ್ಲಿ ಧನ್ಯಾಳ ಕಡ್ಡಿ ಇಟ್ಟಲ್ಲೇ ಉಳಿಯುತ್ತಿತ್ತು. ಬೇಸಿಗೆ ಕಳೆಯುವಷ್ಟರಲ್ಲಿ ತಾನೇ ಬಂದು ಎತ್ತತೊಡಗಿದಳು. ಒಮ್ಮೆ ವಿದ್ಯಾ, "ನಿಮ್ಮನೇಲಿ ಯಾರಾದ್ರೂ ಚಿತ್ರ ಬರೀತಾರಾ?" ಎಂದು ಕೇಳಿದ್ದಕ್ಕೆ, "ನಮ್ಮಜ್ಜಿ ಬರೀತಿತ್ತು. ಸತ್ತೋತು. ಈಗ ನಾನು ಬರೀಬೇಕು" ಅಂದಳಂತೆ. ಅದನ್ನು ಕೇಳಿ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆ.

ಆದರೆ ಮನೆಯಲ್ಲಿ ಬೇರೆಯದೇ ಮಾತು ನಡೆದಿತ್ತು. ನನ್ನ ಗಂಡನ ಅಕ್ಕ ಲಕ್ಷ್ಮಿ, ಬನವಾಸಿಯ ಕಡೆ ಕೊಟ್ಟವರು, ದೂರದ ಒಂದು ವಸತಿ ಶಾಲೆ ನೋಡಿಟ್ಟಿದ್ದರು. ಮಗುವಿನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. "ಅಲ್ಲಿ ಶಿಸ್ತು ಕಲಿಸ್ತಾರೆ. ಇಲ್ಲಿ ಡೋಲು ಬಡಿಸ್ಕ್ಯಂಡು ಕೂತ್ರೆ ಮುಂದೆ ಎಂತ ಆಗ್ತದೆ?" ನಮ್ಮ ಮನೆಯವರದು ಮಾತು ಕಡಿಮೆ. "ಹಬ್ಬ ಮುಗೀಲಿ, ಕಳಿಸೋದೋ ಬೇಡ್ವೋ ನೋಡಾಣ" ಅಂದಿದ್ದರು. ಅತ್ತೆ ಹೋಗಿ ಖಾಲಿಯಾದ ಮನೆಯಿಂದ ಈ ಮಗುವೂ ಹೋದರೆ ನಾನು ಹೇಗೆ ಇರಲಿ ಎಂದು ಯಾರ ಹತ್ತಿರ ಹೇಳುವುದು?

ಹುಣ್ಣಿಮೆಯ ಹಿಂದಿನ ದಿನ ಧನ್ಯಾ ಶಾಲೆಗೆ ರಜೆ ಹಾಕಿ ಬುಟ್ಟಿ ತಾನು ಬರೆಯುತ್ತೇನೆಂದು ಕೂತಳು. "ಬರೀಲಿ. ಆಗ್ಲಿಲ್ಲ ಅಂದ್ರೆ ಅಕ್ಕ ಬರ್ತಾಳಲ್ಲ" ಅಂದರು ನಮ್ಮ ಮನೆಯವರು. ಅತ್ತೆ ಪುಂಡಿ ನಾರಿನಲ್ಲಿ ಕಟ್ಟಿಟ್ಟ ಕುಂಚ ಸೂರಿನ ಸಂದಿಯಲ್ಲಿತ್ತು, ತೆಗೆದು ಕೊಟ್ಟೆ. ನೆನೆಹಾಕಿದ ಅಕ್ಕಿ ಗಟ್ಟಿಯಾಗಿ ರುಬ್ಬಿ ಬಟ್ಟಲಲ್ಲಿಟ್ಟೆ. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಅದಕ್ಕೆ ನೀರು ಸುರಿದಿದ್ದಳು. ಹಿಟ್ಟು ಹೋಗಿ ಅಕ್ಕಿ ತೊಳೆದ ನೀರಿನಂತಾಗಿತ್ತು. ಬೈಯಬೇಕೆಂದು ಬಂದವಳು ಬಾಗಿಲಲ್ಲೇ ನಿಂತೆ. ಅವಳು ಆಗಲೇ ಗೆರೆ ಎಳೆಯುತ್ತಿದ್ದಳು.

ಸ್ವಲ್ಪ ಬರೆಯುವುದು, ಬುಟ್ಟಿಯ ಹೆಣಿಗೆಗೆ ಒಂದು ಹುಲ್ಲುಕಡ್ಡಿ ಸಿಕ್ಕಿಸಿ ಕಣದ ಸುತ್ತ ಓಡುವುದು, ಬಂದು ಕಡ್ಡಿ ಕಿತ್ತು ಮತ್ತೆ ಬರೆಯುವುದು. ಮಧ್ಯಾಹ್ನದವರೆಗೂ ಹೀಗೇ ನಡೆಯಿತು. ನಾನು ಕಿಟಕಿಯಿಂದ ನೋಡುತ್ತಾ ಕೆಸುವಿನ ಸೊಪ್ಪು ಹೆಚ್ಚುತ್ತಿದ್ದೆ. ಬುಟ್ಟಿಯ ಮೇಲೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಕೆಂಪು ಮಣ್ಣು ಅಲ್ಲಲ್ಲಿ ಒದ್ದೆಯಾಗಿತ್ತು, ಅಷ್ಟೇ. ಮೋಡ ಬೇರೆ.

ಲಕ್ಷ್ಮಿ ಅತ್ತಿಗೆ ಬಂದದ್ದು ಆ ಹೊತ್ತಿಗೆ. ಧನ್ಯಾ ಕಣದ ಆಚೆ ತುದಿಯಲ್ಲಿದ್ದಳು. ಅತ್ತಿಗೆ ಚೀಲ ಇಳಿಸಿ ಬುಟ್ಟಿ ನೋಡಿದರು.

"ಎಂತದೇ ಇದು? ಬುಟ್ಟಿಗೆ ಮಳೆ ಹೊಡ್ದಂಗೆ ಐತಲ್ಲೆ."

"ಧನ್ಯಾ ಬರೀತಾ ಇದ್ಲು ಅತ್ಗೆ. ಹಿಟ್ಟು ನೀರಾಗೋತು" ಎಂದೆ.

"ನಾ ಎಣಿಸಿದ್ದೇ ಆತು. ಒಂದು ಬಟ್ಟೆ ತಗಂಬಾ, ವರೆಸಿ ಮತ್ತೆ ಕೆಮ್ಮಣ್ಣು ಬಳಿಯಾಣ. ಪೇಂಟ್ ತಂದೀನಿ, ಸಂಜೆಯೊಳಗೆ ಮುಗಿಸ್ತೆ."

ಅವರ ಕಡೆ ಈಗ ಬುಟ್ಟಿಗೆ ಅಂಗಡಿಯ ಬಣ್ಣವನ್ನೇ ಬಳಿಯುತ್ತಾರೆ. ಎಳೆದ ಕೂಡಲೇ ಬೆಳ್ಳಗೆ ಕಾಣುತ್ತದೆ. ನಾನು ಬಟ್ಟೆ ತಂದೆ. ಅತ್ತಿಗೆ ಅದನ್ನು ನೀರಿನಲ್ಲಿ ಅದ್ದಿ ಹಿಂಡಿದರು. ನಮ್ಮ ಮನೆಯವರು ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದರು.

ಧನ್ಯಾ ಓಡಿ ಬಂದವಳು ಬುಟ್ಟಿಗೂ ಅತ್ತಿಗೆಗೂ ನಡುವೆ ನಿಂತಳು. ಕಿರುಚಿ ಬುಟ್ಟಿ ಒದೆಯುತ್ತಾಳೆ ಎಂದು ನಾನು ಹೆದರಿದೆ. ಒಂದು ವರ್ಷದ ಹಿಂದಾಗಿದ್ದರೆ ಒದೆಯುತ್ತಿದ್ದಳು.

"ಮುಟ್ಬೇಡ ಲಕ್ಷ್ಮತ್ತೆ. ಇನ್ನೂ ಒಣಗ್ಲಿಲ್ಲ."

"ಒಣಗಕ್ಕೆ ಅಲ್ಲಿ ಎಂತ ಐತೆ ಮಗಾ? ಬರೇ ನೀರು."

"ನೀರಲ್ಲ. ಹಿಟ್ಟು ದಪ್ಪ ಇದ್ರೆ ಒಣಗಿದ ಮೇಲೆ ಉದುರ್ತದೆ. ಅಜ್ಜಿ ತೆಳ್ಳಗೇ ಮಾಡ್ತಿತ್ತು. ಎರಡು ಸಲ ಎಳೀತಿತ್ತು. ನೀವು ಕೂತ್ಕಳಿ. ಕಾಯ್ಬೇಕು."

ಕಾಯಬೇಕು ಎಂದು ನಮಗೆ ಹೇಳಿದವಳು ಧನ್ಯಾ. ಅತ್ತಿಗೆ ನನ್ನ ಮುಖ ನೋಡಿದರು, ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಕಂಬ ಬಿಟ್ಟು ಬಂದು ಮೊದಲಿಗೆ ಕೂತರು. ಆಮೇಲೆ ನಾವಿಬ್ಬರೂ ಕೂತೆವು. ಒದ್ದೆ ಬಟ್ಟೆ ಅತ್ತಿಗೆಯ ಕೈಯಲ್ಲೇ ಇತ್ತು. ಧನ್ಯಾ ಕೂರಲಿಲ್ಲ, ಬುಟ್ಟಿಯ ಸುತ್ತ ಕುಪ್ಪಳಿಸುತ್ತಾ ಊದುತ್ತಿದ್ದಳು.

ಮೊದಲು ಅಂಚಿನ ಒಂದು ಗೆರೆ ಮಸುಕಾಗಿ ಎದ್ದಿತು. ಅದರ ಪಕ್ಕ ಇನ್ನೊಂದು. ನೋಡುನೋಡುತ್ತಾ ಕೆಂಪಿನ ಮೇಲೆ ಬಿಳಿ ಬಲೆ ಬಿಚ್ಚಿಕೊಳ್ಳತೊಡಗಿತು. ಭತ್ತದ ಸಸಿಯ ಸಾಲು, ಗೋರಂಟಿ ಗಿಡದಂಥ ಒಂದು ಮರ, ಏಣಿ, ನೆಂಟರ ಹಾಗೆ ಕೈ ಹಿಡಿದು ನಿಂತ ಮನುಷ್ಯರು. ಗೆರೆ ನೇರವಾಗೇನೂ ಇರಲಿಲ್ಲ. ಆದರೆ ಅದು ಅತ್ತೆಯ ಚಿತ್ತಾರವೇ. ಯಾರೂ ಕಲಿಸಿರಲಿಲ್ಲ. ಅತ್ತೆ ಬರೆಯುವಾಗ ಜಗಲಿಯ ತುಂಬ ಓಡಾಡಿಕೊಂಡಿದ್ದ ಮಗು ಎಲ್ಲವನ್ನೂ ನೋಡಿತ್ತು. ಗಮನವಿಲ್ಲ ಎಂದು ನಾವೆಲ್ಲ ಹೇಳುತ್ತಿದ್ದ ಮಗು.

ಅತ್ತಿಗೆ ಬುಟ್ಟಿಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು. ಒದ್ದೆ ಬಟ್ಟೆಯನ್ನು ಪಕ್ಕಕ್ಕೆ ಇಟ್ಟರು. ಆಮೇಲೆ, "ಇಲ್ಲೊಂದು ಸಾಲು ಬಿಟ್ಟೋಗ್ಯದೆ ನೋಡು" ಎಂದರು.

"ಗೊತ್ತು. ಅದ್ಕೇ ಅಲ್ಲಿ ಕಡ್ಡಿ ಐತೆ" ಅಂದಳು ಧನ್ಯಾ.

ನಮ್ಮ ಮನೆಯವರು ನಕ್ಕರು. ಅತ್ತೆ ಹೋದ ಮೇಲೆ ಅವರು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಧನ್ಯಾ ಕಡ್ಡಿ ಕಿತ್ತು, ಕುಂಚ ಅದ್ದಿ, ಆ ಸಾಲು ಎಳೆದಳು. ಎರಡನೇ ಸಲವೂ ಎಳೆದಳು. "ಆತು" ಎಂದು ಕುಂಚ ತೊಳೆದಿಟ್ಟು ಮತ್ತೆ ಓಡಿದಳು. ಮೊದಲ ಬಾರಿಗೆ ಅವಳು ಒಂದು ಕೆಲಸ ಮುಗಿಸಿ ಓಡಿದ್ದಳು.

ಬೆಳಗಿನ ಜಾವ ಬುಟ್ಟಿ ಹೊತ್ತು ಗದ್ದೆಯ ಬದುವಿನ ಮೇಲೆ ಹೋಗುವಾಗ ನಮ್ಮ ಮನೆಯವರು ಅಕ್ಕನಿಗೆ, "ಆ ಶಾಲೆಗೆ ಬ್ಯಾಡ ಅಂತ ಹೇಳಿಬಿಡು" ಎಂದರು. ಅತ್ತಿಗೆ, "ನಾನೇ ಹೇಳ್ಬೇಕು ಅಂತಿದ್ದೆ" ಅಂದರು. ಅಷ್ಟರಲ್ಲಿ ಧನ್ಯಾ ನಮ್ಮೆಲ್ಲರಿಗಿಂತ ಮುಂದೆ ಗದ್ದೆ ಮುಟ್ಟಿ ಕೂಗುತ್ತಿದ್ದಳು.

ಗುಳಿಗೆ ಈಗಲೂ ಇದೆ, ಶನಿವಾರದ ಶಿರಸಿ ಬಸ್ಸೂ ಇದೆ. ಲೆಕ್ಕದ ಪುಟದ ಮೇಲೂ ಒಂದು ಕಡ್ಡಿ ಇಟ್ಟು ಎದ್ದು ಹೋಗುತ್ತಾಳೆ, ಮೇಷ್ಟ್ರು ಒಪ್ಪಿಕೊಂಡಿದ್ದಾರೆ. ಕೆಲವು ದಿನ ವಾಪಸ್ ಬರುವುದಿಲ್ಲ, ಹೆಚ್ಚಿನ ದಿನ ಬರುತ್ತಾಳೆ. ಮೊನ್ನೆ ಅತ್ತಿಗೆ ಫೋನ್ ಮಾಡಿ, ಈ ಸಲ ತಮ್ಮ ಮನೆಯ ಬುಟ್ಟಿಯನ್ನೂ ತರುತ್ತೇನೆ, ಧನ್ಯಾಗೆ ಹೇಳಿಡು ಎಂದರು. ಹೇಳಿದೆ. "ಪೇಂಟ್ ತರಬ್ಯಾಡ ಅನ್ನು" ಅಂದಳು.

ಅತ್ತೆ ಇದ್ದಿದ್ದರೆ ಎಂದು ಈಗಲೂ ದಿನಕ್ಕೊಮ್ಮೆಯಾದರೂ ಅನಿಸುತ್ತದೆ. ಅಳುವೂ ಬರುತ್ತದೆ. ಆದರೆ ಈ ವರ್ಷ ಹಬ್ಬಕ್ಕೆ ಅಕ್ಕಿ ನಾನೇ ಆರಿಸಿ ಇಟ್ಟಿದ್ದೇನೆ. ಅಡಿಗೆಯನ್ನು ಬೇಗ ಮುಗಿಸಿಕೊಂಡು, ಈ ಸಲ ಜಗಲಿಯಲ್ಲಿ ಅವಳ ಪಕ್ಕ ಕೂತು ಮೊದಲಿನಿಂದ ನೋಡಬೇಕೆಂದಿದ್ದೇನೆ.