ಕಾಡಿನೊಳಗೆ ಬಿಟ್ಟ ನಾಲ್ಕು ದಾರಿ

ಅಕ್ಕನ ಮಗಳಿಗೆ ಶಾಲೆಗೆ ಗ್ರಾಫ್ ಹಾಳೆ ಬೇಕೆಂದು ಮೊನ್ನೆ ಕುಂದಾಪುರದ ಪುಸ್ತಕದ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಹೊಸ ಕಟ್ಟು ಬಿಚ್ಚಿದಾಗ ಆ ಕಾಗದದ ವಾಸನೆ ಮೂಗಿಗೆ ಬಂತು. ಹಸಿರು ಗೀಟುಗಳ ಮೇಲೆ ನೀಲಿ ಪೆನ್ಸಿಲ್ ಹಿಡಿದು ಬಾಗಿದ್ದ ಒಂದು ನರೆತ ತಲೆ ನೆನಪಾಯಿತು. ಹಾಳೆ ತೆಗೆದುಕೊಂಡು ಬೇಗ ಹೊರಗೆ ಬಂದೆ. ಮುಖ ಬಿಸಿಯಾಗಿತ್ತು... ಇಷ್ಟು ವರ್ಷವಾದರೂ.

ಸಾಲಿಗ್ರಾಮದಲ್ಲಿ ನಮ್ಮ ಪಕ್ಕದ ಮನೆಯವರು ಅವರು. ಸರ್ಕಾರಿ ಸರ್ವೇಯರ್ ಆಗಿ ನಿವೃತ್ತರಾದವರು. ನಮಗೆಲ್ಲ ಸರ್ವೇಯರ್ ಮಾವ. ಅಣ್ಣತಮ್ಮಂದಿರು ಪಾಲಾಗುವಾಗ, ಬೇಲಿಯ ಜಗಳ ಎದ್ದಾಗ, ನಿವೃತ್ತಿಯ ನಂತರವೂ ಜನ ಅವರನ್ನೇ ಕರೆಯುತ್ತಿದ್ದರು. ಮಾವ ಅಳೆದು ಗೂಟ ಹೊಡೆದರೆಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನಾನಾಗ ಎರಡನೇ ವರ್ಷದ ಬಿ.ಕಾಂ. ಪುಸ್ತಕಕ್ಕಿಂತ ಕಂಪ್ಯೂಟರಿನ ಯುದ್ಧದಾಟವೇ ಹೆಚ್ಚು. ರಾಜರ ಕಾಲದ ಆಟ ಅದು. ಮರ ಕಡಿದು, ಚಿನ್ನ ತೆಗೆದು, ಕೋಟೆ ಕಟ್ಟಿ, ಕುದುರೆ ಸೈನ್ಯದೊಂದಿಗೆ ಪಕ್ಕದ ರಾಜ್ಯದ ಮೇಲೆ ಏರಿಹೋಗಬೇಕು. ಬೇಕಾದರೆ ನಮ್ಮದೇ ನಕ್ಷೆ ತಯಾರಿಸಿ ಅದರ ಮೇಲೆ ಆಡಬಹುದಿತ್ತು. ಬ್ರಹ್ಮಾವರದ ಒಂದು ಗೇಮಿಂಗ್ ಸೆಂಟರಿನವರು ನಾಲ್ವರು ಒಟ್ಟಿಗೆ ಆಡುವ ಪಂದ್ಯ ಇಟ್ಟಾಗ, ಹೊಸ ನಕ್ಷೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಯಾರು ಯಾವ ಮೂಲೆಯಿಂದ ಆಡಿದರೂ ಗೆಲ್ಲುವ ಅವಕಾಶ ಸಮ ಇರಬೇಕು, ಅದೊಂದೇ ಷರತ್ತು.

ಅದೇ ಆಗುತ್ತಿರಲಿಲ್ಲ. ಕಡಲ ಬದಿಯ ಮೂಲೆಯವನು ಮೀನು ಹಿಡಿದೇ ಬಲಿತು ಪ್ರತಿ ಸಲ ಗೆಲ್ಲುತ್ತಿದ್ದ. ಒಂದು ಸಂಜೆ ಪೇಪರ್ ಕೇಳಲು ಬಂದ ಮಾವ ನನ್ನ ಕುರ್ಚಿಯ ಹಿಂದೆ ನಿಂತು ಪರದೆ ನೋಡಿದರು.

"ಎಂತ ಮಾಣಿ ಅದ್, ಯಾರ್ ಮನೆ ಪಾಲ್?"

"ನಾಲ್ಕ್ ರಾಜ್ರದ್ದ್ ಮಾವ. ನಾಲ್ಕೂ ಒಂದೇ ಅಗಲ ಇಟ್ಟಿದ್ದೆ, ಆದ್ರೂ ಸಮ ಆತಿಲ್ಲೆ."

"ಅಗಲ ಅಳ್ದ್ರೆ ಸಮ ಆತಿಲ್ಲೆ. ಮನೆ ಬಾಗ್ಲಿಂದ ನೀರಿಗೆ ಹೋಪುಕೆ ಎಷ್ಟ್ ಹೊತ್ತ್ ಬೇಕ್, ಅದನ್ ಅಳಿ."

ಮರುದಿನ ಗ್ರಾಫ್ ಹಾಳೆ ಹಿಡಿದು ಅವರೇ ಬಂದರು. ಪರದೆಯ ಮೇಲಿನ ಆಳನ್ನು ಮನೆಯಿಂದ ಚಿನ್ನದ ಗಣಿಗೆ ನಡೆಸುವುದು ನನ್ನ ಕೆಲಸ, ಕೈಗಡಿಯಾರ ನೋಡಿ ಸೆಕೆಂಡು ಬರೆಯುವುದು ಅವರದು. ಕಡಲ ಬದಿಯವನಿಗೆ ಮೀನಿದೆ, ಹಾಗಾಗಿ ಚಿನ್ನ ದೂರ. ಗುಡ್ಡದವನಿಗೆ ಕಲ್ಲು ಹತ್ತಿರ, ಹಾಗಾಗಿ ಮರ ದೂರ. ಹೊಳೆ ದಾಟುವ ಕಡವನ್ನು ಮೂರು ಸಲ ಕಿತ್ತು ಬೇರೆ ಕಡೆ ಇರಿಸಿದೆವು. ನಡುವೆ ಯಾರೂ ನುಗ್ಗದಷ್ಟು ದಟ್ಟ ಕಾಡು. ಮೂರು ವಾರ ಅವರು ತಪ್ಪದೆ ಬಂದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ...

ಪಂದ್ಯದ ಹಿಂದಿನ ದಿನ ನಾನೊಬ್ಬನೇ ಕೂತು ಆ ಕಾಡಿನಲ್ಲಿ ನಾಲ್ಕು ಕಡೆ ಒಂದೊಂದು ಮರ ತೆಗೆದೆ. ಒಬ್ಬ ಸವಾರ ನುಸುಳುವಷ್ಟು ಸಂದು. ಅದರೊಳಗೆ ಹೋದರೆ ಪಕ್ಕದ ಕೋಟೆಯ ಬೆನ್ನಿಗೇ ತಲುಪಬಹುದು. ಪಕ್ಕದ ಮರಗಳ ನೆರಳಿನಲ್ಲಿ ಅದು ಕಾಣುತ್ತಿರಲಿಲ್ಲ. ನಾಲ್ಕೂ ಮೂಲೆಗೂ ದಾರಿ ಇದೆಯಲ್ಲ, ಹಾಗಾದರೆ ಸಮವೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ದಾರಿ ಇರುವುದು ನನಗೊಬ್ಬನಿಗೇ ಗೊತ್ತು ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ.

ಭಾನುವಾರ ಮಾವ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ನನ್ನ ಜೊತೆ ಬ್ರಹ್ಮಾವರಕ್ಕೆ ಬಂದರು. ನಕ್ಷೆ ಮಾಡಿದವನೇ ಆಡುವುದು ಸರಿಯೇ ಎಂದು ಯಾರೋ ತಕರಾರು ತೆಗೆದರು. ಮಾವ ಎದ್ದು ನಿಂತರು.

"ಅಳ್ದದ್ದ್ ನಾನ್. ಯಾರಿಗೂ ಒಂದ್ ಬೆರ್ಳ್ ಅಗಲ ಹೆಚ್ಚಿಲ್ಲೆ, ಕಮ್ಮಿ ಇಲ್ಲೆ."

ಆ ಒಂದು ಮಾತಿಗೆ ಎಲ್ಲರೂ ಒಪ್ಪಿದರು. ನಾನು ಆಡಿದೆ, ಗೆದ್ದೆ. ಕೊನೆಯ ಆಟದಲ್ಲಿ ಸೋತವನು ನಾವುಂದದವನು, ಮೀನು ವ್ಯಾಪಾರದ ಮನೆಯ ಹುಡುಗ. ಬೆನ್ನ ಹಿಂದಿನಿಂದ ಕುದುರೆ ಹೇಗೆ ಬಂತೆಂದು ಅವನಿಗೆ ತಿಳಿಯಲಿಲ್ಲ. ನಕ್ಷೆಯನ್ನು ತೆರೆದು ಕಾಡಿನ ಅಂಚು ಹಿಡಿದು ಹುಡುಕಿದ.

"ಹ್ವಾಯ್, ಇಲ್ ಕಾಣಿ! ಕಾಡೊಳ್ಗೆ ದಾರಿ ಇತ್ತ್!"

ಎಲ್ಲರೂ ಮುತ್ತಿದರು. ಹಿಂದಿನಿಂದ ಯಾರೋ ಕೂಗಿದರು, "ಸರ್ವೇಯರ್ರ್ ಅಲ್ದಾ? ಗಡಿಕಲ್ಲ್ ಜಾರ್ಸುದ್ ಅಭ್ಯಾಸ ಇರತ್ತ್!" ಕೋಣೆಯಿಡೀ ನಕ್ಕಿತು.

ಮಾವ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. ಆ ಕಾಡಿನ ಒಂದೊಂದು ಚೌಕವನ್ನೂ ಅವರು ತಮ್ಮ ಕೈಯಿಂದ ಬರೆದಿದ್ದರು. ಅಲ್ಲಿ ಸಂದು ಇರಲಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನನ್ನತ್ತ ತಿರುಗಿದರು. ನಾನು ಕೀಬೋರ್ಡ್ ನೋಡುತ್ತ ಕೂತೆ.

"ಅದ್ ನನ್ ತಪ್ಪ್. ಮಾಣಿ ನಾನ್ ಹೇಳ್ದಾಂಗೆ ಮಾಡ್ದ" ಎಂದರು.

ಬಾಯಿ ಬಿಡಲು ನನಗೆ ಸಮಯವಿತ್ತು. ಬೇಕಾದಷ್ಟಿತ್ತು.

ಪಂದ್ಯ ರದ್ದಾಯಿತು. ವಾಪಸು ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಊರು ಹತ್ತಿರ ಬಂದಾಗ ಮಾವ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು, "ನಾಲ್ಕೂ ದಾರಿ ಒಂದೇ ಅಗಲ ಇಟ್ಟಿದ್ಯಾ?"

"ಹೌದ್ ಮಾವ."

"ಹಂಗಾರೆ ಅಳತೆ ಮಾಡುಕೆ ನೀನ್ ಕಲ್ತಿದ್ದೆ."

ಅಷ್ಟೇ. ಬೈಯಲಿಲ್ಲ, ನಮ್ಮ ಮನೆಯಲ್ಲಿ ಹೇಳಲಿಲ್ಲ. ದಾರಿಯಲ್ಲಿ ಸಿಕ್ಕರೆ ಮೊದಲಿನಂತೆಯೇ ಮಾತಾಡಿಸುತ್ತಿದ್ದರು. ಪೇಪರ್ ಕೇಳಲು ಮಾತ್ರ ಬರಲಿಲ್ಲ. ಗಡಿಕಲ್ಲಿನ ತಮಾಷೆ ಅವರಿಗಿಂತ ಮೊದಲೇ ಊರೂರು ತಿರುಗಿತು. ಕೆರಾಡಿಯಲ್ಲಿ ಒಂದು ಮನೆಯ ಪಾಲಿಗೆ ಅವರನ್ನು ಕರೆದಿದ್ದರು. ಬೆಳಿಗ್ಗೆ ಅಳತೆಯ ಸರಪಳಿಯ ಚೀಲ ಹಿಡಿದು ಹೋದವರು ಮಧ್ಯಾಹ್ನವೇ ಬಸ್ಸಿಳಿದರು. ಆ ಮನೆಯವರು ಅಳತೆಗೆ ಬೇರೆಯವರಿಗೆ ಹೇಳಿದ್ದಾರಂತೆ ಎಂದು ಹೆಂಡತಿಗೆ ಹೇಳುತ್ತಿದ್ದುದು ಬೇಲಿಯ ಈಚೆ ನನಗೆ ಕೇಳಿಸಿತು. ಆ ನಂತರ ಅವರು ಚೀಲ ಹಿಡಿದು ಹೊರಟದ್ದನ್ನು ನಾನು ಕಾಣಲಿಲ್ಲ. ಕೆಲವು ವರ್ಷಕ್ಕೆ ಹೋಗಿಬಿಟ್ಟರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ... ಅದನ್ನು ನೆನೆದರೆ ಈಗಲೂ ತಲೆ ಎತ್ತಲಾಗುವುದಿಲ್ಲ.

ಅಂಗಡಿಯಿಂದ ಬಂದ ಮರುದಿನ ನಾವುಂದಕ್ಕೆ ಹೋದೆ. ಅಂದು ಸೋತವನು ಮೀನಿನ ಪೆಟ್ಟಿಗೆಗಳಿಗೆ ಐಸ್ ಹಾಕಿಸುತ್ತಿದ್ದ. ಪರಿಚಯ ಹೇಳಿ ಆ ಪಂದ್ಯ ನೆನಪಿದೆಯೇ ಎಂದು ಕೇಳಿದೆ. ಯಾರು ಗೆದ್ದದ್ದೆಂದು ಅವನಿಗೆ ನೆನಪಿರಲಿಲ್ಲ, ಆಟದ ಹೆಸರೂ ಮರೆತಿತ್ತು.

"ಆ ಸರ್ವೇಯರ್ರ್ ಮೋಸ ಮಾಡಿದ್ದಲ್ದಾ?" ಎಂದ.

"ಅವ್ರಲ್ಲ. ನಾನ್."

ಅವನು ಐಸ್ ಹಾಕುವವರಿಗೆ ನಿಲ್ಲಿಸಲು ಕೈ ಮಾಡಿದ. "ಅವ್ರಿಗೆ ಹೇಳಿದ್ಯಾ?"

"ಇಲ್ಲೆ. ಅವ್ರ್ ಹೋಯಿ ವರ್ಷ ಸುಮಾರ್ ಆಯ್ತ್."

"ನಂಗ್ ಹೇಳಿ ಎಂತ ಪ್ರಯೋಜ್ನ ಮಾರಾಯ?" ಎಂದು ಪೆಟ್ಟಿಗೆಗಳ ಕಡೆ ತಿರುಗಿದ. ಹೆದ್ದಾರಿಗೆ ನಡೆದು ಬಂದು ಬಸ್ಸಿಗೆ ಕಾದು ನಿಂತೆ.