ಅಂಜುತ್ತಲೇ ಜೀಪು ಓಡಿಸುವ ಅಮೀನ್‌ಸಾಬ್

ಸಂತೆಕಲ್ಲೂರಿನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇವಿನ ಮರದಡಿ ನಿಂತಿರುವ ಹಳೇ ಜೀಪಿನ ಬಾನೆಟ್ ತೆರೆದಿದೆ. ಅಮೀನ್‌ಸಾಬ್ ಅದರೊಳಗೆ ಬಗ್ಗಿ, ರೇಡಿಯೇಟರಿನ ಹಿಂಬದಿಯಿಂದ ಸಣ್ಣ ಪೈಪಿನಲ್ಲಿ ಮೆಲ್ಲಗೆ ನೀರು ಬಿಡುತ್ತಿದ್ದಾರೆ. ಮುಂದಿನ ಜಾಲರಿಯಿಂದ ನೀರಿನ ಜೊತೆ ಭತ್ತದ ಹೊಟ್ಟು, ಹುಲ್ಲಿನ ಚೂರು, ಸತ್ತ ಮಿಡತೆಗಳು ಇಳಿದು ಬರುತ್ತಿವೆ. ಎಲ್ಲವೂ ನಿನ್ನೆ ಸಿಂಧನೂರು ಕಡೆಯ ಗದ್ದೆಗಳಿಂದ ಬಂದ ಕಸ. ಮುಂದಿನಿಂದ ಜೋರಾಗಿ ನೀರು ಹೊಡೆದರೆ ಅದು ಇನ್ನಷ್ಟು ಒಳಕ್ಕೆ ಹೋಗಿ ಕೂರುತ್ತದೆ. ಆಮೇಲೆ ಗಾಳಿಗೆ ದಾರಿಯಿಲ್ಲ, ಇಂಜಿನ್ ಕಾಯತೊಡಗುತ್ತದೆ.

ಅವರ ಜೊತೆ ಒಂದು ದಿನ ಕಳೆಯಲು ಬಂದ ನಾನು ಏನೋ ಕೇಳುತ್ತ ರೇಡಿಯೇಟರಿನ ಮುಚ್ಚಳದ ಮೇಲೆ ಕೈ ಇಡುತ್ತೇನೆ. ಅವರು ಪೈಪು ಬಿಸಾಡಿ ನನ್ನ ಮಣಿಕಟ್ಟು ಹಿಡಿದು ಎಳೆಯುತ್ತಾರೆ. ರಾತ್ರಿಯಿಡೀ ನಿಂತಿದ್ದ ಇಂಜಿನ್ ಅದು, ಮುಟ್ಟಿದರೆ ತಣ್ಣಗಿದೆ. ಆದರೂ ಅವರು ಹಿಡಿತ ಸಡಿಲಿಸುವುದಿಲ್ಲ.

"ತಪ್ಪು ತಿಳೀಬ್ಯಾಡ್ರಿ," ಎನ್ನುತ್ತಾರೆ. "ತಣ್ಣಗೈತಿ ಅಂತ ನನಗೂ ಗೊತ್ತೈತಿ. ಆದ್ರ ಅದರ ಮ್ಯಾಲ ಯಾರದರ ಕೈ ಬಿತ್ತಂದ್ರ ನನ್ನ ಎದಿ ಕೇಳಂಗಿಲ್ಲ."

ಅವರ ಗದ್ದದ ಕೆಳಗಿನಿಂದ ಅಂಗಿಯ ಗುಂಡಿಯವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ. ಬಹಳ ವರ್ಷಗಳ ಹಿಂದೆ ಅವರು ಬೇರೊಬ್ಬರ ಜೀಪು ಓಡಿಸುತ್ತಿದ್ದರು. ಒಂದು ಮೇ ತಿಂಗಳ ಮಧ್ಯಾಹ್ನ, ಲಿಂಗಸುಗೂರಿನಿಂದ ಮಸ್ಕಿಗೆ ಬರುವಾಗ ಇಂಜಿನ್ ಕುದಿಯಿತು. ಜೀಪಿನಲ್ಲಿದ್ದವರಿಗೆ ಬಸ್ ಹಿಡಿಯುವ ಅವಸರ. ಅಮೀನ್‌ಸಾಬ್ ಟವೆಲ್ ಸುತ್ತಿ ಮುಚ್ಚಳ ತಿರುಗಿಸಿದರು. ಅದು ಕೈಯಿಂದ ಹಾರಿತು, ಕುದಿಯುವ ನೀರು ಕೊರಳಿಗೆ, ಎದೆಗೆ ಚಿಮ್ಮಿತು. ಲಿಂಗಸುಗೂರಿನ ಆಸ್ಪತ್ರೆಯಿಂದ ರಾಯಚೂರಿಗೆ ಸಾಗಿಸಿದರು. ಗಾಯ ಮಾಯುವಷ್ಟರಲ್ಲಿ ಮಳೆಗಾಲ ಮುಗಿದಿತ್ತು.

"ಗಾಯ ಮಾಯ್ತು, ಅಂಜಿಕಿ ಮಾಯಲಿಲ್ಲ," ಎಂದು ಅವರ ಹೆಂಡತಿ ಬಿಬಿಜಾನ್ ಚಹಾ ಕೊಡುತ್ತ ಹೇಳುತ್ತಾರೆ. "ಕುಕ್ಕರ್ ಸೀಟಿ ಹೊಡದ್ರ ಇವ್ರು ಎದ್ದು ಓಣಿಗೆ ಹೋಗಿ ನಿಂದರತಿದ್ರು. ಅದಕ್ಕ ಕುಕ್ಕರ್ ನಮ್ಮಕ್ಕನ ಮನಿಗೆ ಕೊಟ್ಟುಬಿಟ್ಟೆ. ಗಡಿಗ್ಯಾಗ ಬ್ಯಾಳಿ ಬೇಯಾಕ ತಡ ಆಗತೈತಿ. ಆಗ್ಲಿ."

ಇಷ್ಟು ಹೆದರುವ ಮನುಷ್ಯ ಮತ್ತೆ ಯಾಕೆ ಜೀಪಿಗೆ ಬಂದರು ಎಂದರೆ ಉತ್ತರ ಸರಳ: ಅವರಿಗೆ ಬೇರೆ ಕೆಲಸ ಬರುವುದಿಲ್ಲ. ಊರಿನ ಕೂಲಿ ಹೆಣ್ಣುಮಕ್ಕಳನ್ನು ಮಸ್ಕಿ, ಸಿಂಧನೂರು ದಾಟಿಸಿ ಮುಕ್ಕುಂದದ ಗದ್ದೆಗಳಿಗೆ ಕರೆದೊಯ್ಯುವುದು, ಸಂಜೆ ತಿರುಗಿ ತರುವುದು ಅವರ ಕಾಯಕ. ಬೇಸಿಗೆ ಭತ್ತದ ಕೊಯ್ಲಿನ ಹೊತ್ತಿಗೆ ಇಲ್ಲಿ ಬಿಸಿಲು ಕಣ್ಣು ಬಿಡಗೊಡುವುದಿಲ್ಲ. ಡಾಂಬರು ರಸ್ತೆಯಲ್ಲಾದರೆ ಎದುರು ಗಾಳಿ ಇಂಜಿನ್ನನ್ನು ಅಷ್ಟಿಷ್ಟು ತಣಿಸುತ್ತದೆ. ಕಾಲುವೆ ದಂಡೆಯ ಕಚ್ಚಾ ದಾರಿಗಿಳಿದರೆ ಅದೂ ಇಲ್ಲ. ತುಂಬಿದ ಜೀಪು ಸಣ್ಣ ಗೇರಿನಲ್ಲಿ ತೆವಳುತ್ತದೆ, ಇಂಜಿನ್ ಏದುಸಿರು ಬಿಡುತ್ತದೆ, ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರುತ್ತದೆ. ಆಗೆಲ್ಲ ಅಮೀನ್‌ಸಾಬರ ಎಡಗೈ ತಾನಾಗಿಯೇ ಕೊರಳಿಗೆ ಹೋಗುತ್ತದೆ.

ಅಂಜಿಕೆಯೇ ಅವರಿಗೆ ಒಂದೊಂದು ಕೆಲಸ ಕಲಿಸಿದೆ. ಸಂತೆಕಲ್ಲೂರಿನ ಬೋರಿನ ನೀರನ್ನು ರೇಡಿಯೇಟರಿಗೆ ಹಾಕುವುದಿಲ್ಲ. ಆ ಸವುಳು ನೀರು ಒಳಗೆ ಸುಣ್ಣ ಕಟ್ಟುತ್ತದೆ. ಕುಡಿಯುವ ಫಿಲ್ಟರ್ ನೀರಿಗೆ ಇಂಜಿನ್ ತಂಪಿಡುವ ಕೂಲಂಟ್ ಬೆರೆಸಿ ಹಾಕುತ್ತಾರೆ. ಹೊರಡುವ ಮುಂಚೆ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ರಬ್ಬರ್ ಪೈಪುಗಳನ್ನು ಸವರಿ ಬಿರುಕು ಹುಡುಕುತ್ತಾರೆ. ಬುತ್ತಿ ಚೀಲವನ್ನಾಗಲಿ ಚಾಪೆಯನ್ನಾಗಲಿ ಜೀಪಿನ ಮುಂಭಾಗಕ್ಕೆ ಕಟ್ಟಲು ಯಾರಿಗೂ ಬಿಡುವುದಿಲ್ಲ. ಮುಳ್ಳು ಅರ್ಧ ದಾಟಿತೆಂದರೆ ನೆರಳು ಸಿಕ್ಕಲ್ಲಿ ನಿಲ್ಲಿಸುತ್ತಾರೆ. ಮಸ್ಕಿ ಸ್ಟ್ಯಾಂಡಿನ ಡ್ರೈವರುಗಳು ಅವರನ್ನು ಕರೆಯುವುದೇ "ಅಂಜುಬುರುಕ ಅಮೀನ" ಎಂದು. ಒಂದು ಕಾಲಕ್ಕೆ ಜೀಪಿನಲ್ಲಿ ಕೂತವರೂ ಗೊಣಗುತ್ತಿದ್ದರು. ಮನೆಯಲ್ಲಿ ಒಲೆ ಹಚ್ಚಬೇಕು, ಎಮ್ಮೆ ಹಿಂಡಬೇಕು, ಈತ ನೋಡಿದರೆ ಮರ ಕಂಡಲ್ಲೆಲ್ಲ ನಿಲ್ಲಿಸುತ್ತಾನೆ ಎಂದು.

ಆ ಗೊಣಗಾಟ ನಿಂತದ್ದು ಕಳೆದ ವರ್ಷದ ಏಪ್ರಿಲ್‌ನಲ್ಲಿ.

ಅವತ್ತು ಮುಕ್ಕುಂದದಾಚೆಯ ಗದ್ದೆಯಲ್ಲಿ ಹುಲ್ಲು ಒಟ್ಟುವ ಕೆಲಸವಿತ್ತು. ಪಕ್ಕದ ಹೊಲದಲ್ಲಿ ಕಟಾವಿನ ಯಂತ್ರ ಓಡುತ್ತಿತ್ತು, ಹೊಟ್ಟು ಗಾಳಿಯಲ್ಲಿ ತೇಲಿ ಎಲ್ಲರ ತಲೆ ಮೇಲೆ ಕೂರುತ್ತಿತ್ತು. ಊಟ ಮುಗಿಸಿ ಮತ್ತೆ ಹುಲ್ಲಿಗೆ ಕೈ ಹಾಕಿದ, ಕೂಲಿಗೆ ಬಂದಿದ್ದ ರೂಪಾ ಚಿಟ್ಟನೆ ಚೀರಿದಳು. ಹುಲ್ಲಿನ ಅಡಿಯಿಂದ ಹಾವು ಹರಿದು ಹೋದದ್ದನ್ನು ಪಕ್ಕದಲ್ಲಿದ್ದ ಸೂಗಮ್ಮ ನೋಡಿದರು. ಸೂಗಮ್ಮ ಈ ಕೂಲಿ ಗುಂಪಿನ ಹಿರಿಯರು. ರೂಪಾಳ ಗಂಡ ವಿರೇಶ ಅದೇ ಹೊಲದಲ್ಲಿ ಚೀಲ ಹೊರುತ್ತಿದ್ದ. ಅವನು ಓಡಿ ಬರುವಷ್ಟರಲ್ಲಿ ಅವಳ ಕೈ ಊದತೊಡಗಿತ್ತು.

ಆಂಬುಲೆನ್ಸಿಗೆ ಫೋನು ಹೋಯಿತು. ಅದು ದೂರದಲ್ಲಿತ್ತು, ಬರಲು ಹೊತ್ತು ಹಿಡಿಯುತ್ತಿತ್ತು. ಹೊಲದಲ್ಲಿದ್ದ ಗಾಡಿಯೆಂದರೆ ಅಮೀನ್‌ಸಾಬರ ಜೀಪು ಒಂದೇ. ರೂಪಾಳನ್ನು ಹಿಂದೆ ಮಲಗಿಸಿ, ಕೈ ಅಲುಗದಂತೆ ಸೂಗಮ್ಮ ಹಿಡಿದು ಕೂತರು. ಗಾಬರಿಯಲ್ಲಿ ಉಳಿದ ಹೆಂಗಸರೂ ಹತ್ತಿಕೊಂಡರು. ವಿರೇಶ ಮುಂದೆ ಕೂತ. ಬಿಸಿಲು ನೆತ್ತಿಯಿಂದ ಸ್ವಲ್ಪವೇ ಜಾರಿತ್ತು.

ಕಾಲುವೆ ದಂಡೆಯ ಏರಿನಲ್ಲಿ ಅರ್ಧ ದೂರ ಬಂದಾಗ ಮುಳ್ಳು ಅರ್ಧ ದಾಟಿತು. ಇನ್ನೊಂದಿಷ್ಟು ದೂರಕ್ಕೆ ಕೆಂಪು ಗೆರೆಯ ಹತ್ತಿರ ಬಂತು. ಬೆಳಿಗ್ಗೆ ತೊಳೆದ ಜಾಲರಿ ಯಂತ್ರದ ಹೊಟ್ಟಿನಿಂದ ಮತ್ತೆ ಮುಚ್ಚಿಹೋಗಿತ್ತು. ಹಿಂದಿನಿಂದ ರೂಪಾ ವಾಂತಿ ಮಾಡುವ ಸದ್ದು ಕೇಳಿಸುತ್ತಿತ್ತು.

"ಹಿಂಗ ಹೊಡಕೊಂಡು ಹೋದ್ರ ಇಂಜಿನ್ ಹಿಡಕೊಂಡು ನಿಂತು ಬಿಡತೈತಿ. ಆ ದಾರ್ಯಾಗ ಸೈಕಲ್ ಸೈತ ಬರಂಗಿಲ್ಲ," ಎಂದು ಅಮೀನ್‌ಸಾಬ್ ಆ ಗಳಿಗೆಯನ್ನು ನೆನೆಯುತ್ತಾರೆ. "ನಿಲ್ಸಿದ್ರ ಹೊತ್ತು ಹೋಕೈತಿ. ಅಕಿ ಉಸಿರು ನಿಂತ್ರ? ನನಗ ಎರಡೂ ಕಡೀ ಸಾವಽ ಕಾಣಾಕತ್ತಿತ್ರಿ."

ಅವರು ಜೀಪು ನಿಲ್ಲಿಸಿದರು.

"ಯಾಕ ನಿಲ್ಸಿದಿ ಕಾಕಾ? ನಡಿ," ಎಂದ ವಿರೇಶ. ಅಮೀನ್‌ಸಾಬ್ ಗೇರು ಬಿಡಿಸಿದರು, ಇಂಜಿನ್ ಬಂದ್ ಮಾಡಲಿಲ್ಲ. ಫ್ಯಾನು ತಿರುಗುತ್ತಿರಲೆಂದು ಡ್ಯಾಶ್‌ಬೋರ್ಡಿನ ಎಕ್ಸಿಲೇಟರ್ ಗುಂಡಿಯನ್ನು ತುಸು ಎಳೆದಿಟ್ಟು, ಅಂಗಿಯ ತುದಿಯಿಂದ ಬಾನೆಟ್ ಎತ್ತಿದರು. ಹೆಂಗಸರಿಗೆ ಇಳಿಯಲು ಹೇಳಿದರು. ಬುತ್ತಿ ಡಬ್ಬಿಗಳಲ್ಲಿ ಕಾಲುವೆಯ ನೀರು ತಂದು ಮುಂದಿನ ಜಾಲರಿಗೆ ಹೊರಗಿನಿಂದ, ಮೇಲಿಂದ ಕೆಳಕ್ಕೆ ಮೆಲ್ಲಗೆ ಸುರಿಯಿರಿ, ಒಳಗೆ ಯಾರೂ ಕೈ ಹಾಕಬೇಡಿ ಎಂದರು. ಹೆಂಗಸರು ದಂಡೆ ಇಳಿದು ಓಡಿದರು. ನೀರು ಬಿದ್ದಲ್ಲೆಲ್ಲ ಚುಸ್ ಎಂದು ಹಬೆ ಎದ್ದಿತು. ಆ ಸದ್ದಿಗೆ ಅಮೀನ್‌ಸಾಬ್ ಮಡ್‌ಗಾರ್ಡ್ ಹಿಡಿದು ನಿಂತರು.

ವಿರೇಶನಿಗೆ ತಡೆಯಲಾಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಸುತ್ತಿಕೊಂಡ. "ಮುಚ್ಚಳ ತಗದು ಒಳಗ ನೀರು ಹಾಕೋಣು. ಜಲ್ದಿ ಆರತೈತಿ," ಎಂದು ಬಾನೆಟ್ಟಿನೊಳಗೆ ಬಗ್ಗಿದ. ಅವನ ಬೆರಳು ಮುಚ್ಚಳಕ್ಕೆ ತಾಗಿಯೇ ಬಿಟ್ಟಿತ್ತು. ಅಮೀನ್‌ಸಾಬ್ ಅವನ ಸೊಂಟ ಹಿಡಿದು ಹಿಂದಕ್ಕೆಳೆದರು. ಇಬ್ಬರೂ ದಾರಿಯ ಧೂಳಿಗೆ ಬಿದ್ದರು. ವಿರೇಶ ಮೇಲೇಳುತ್ತ ಅವರ ಕುತ್ತಿಗೆಗೇ ಕೈ ಹಾಕಿದ.

"ಅಕಿ ಸತ್ರ ನಿನ್ನ ಬಿಡಂಗಿಲ್ಲ," ಎಂದ.

"ಬಿಡಬ್ಯಾಡಪಾ," ಎಂದರು ಅಮೀನ್‌ಸಾಬ್. "ಆದ್ರ ಅದಕ್ಕ ಕೈ ಹಚ್ಚಬ್ಯಾಡ. ಅಕಿ ಬದುಕಿ ಬಂದಾಗ ನೋಡಾಕ ನಿನ್ನ ಮುಖ ಇರಬೇಕು."

ವಿರೇಶನ ಬೆರಳುಗಳು ಆಗ ಆ ಸುಟ್ಟ ಚರ್ಮದ ಮೇಲೇ ಇದ್ದವು. ಅವನು ಕೈ ಬಿಟ್ಟ. ಹೋಗಿ ಹೆಂಡತಿಯ ಕಾಲ ಬಳಿ ಕೂತ.

ಜಾಲರಿಯಿಂದ ಹೊಟ್ಟು ರಾಡಿಯಾಗಿ ಇಳಿಯಿತು. ಮುಳ್ಳು ಮೊದಲು ಅಲುಗಲಿಲ್ಲ, ಆಮೇಲೆ ಕೂದಲೆಳೆಯಷ್ಟು ಸರಿಯಿತು, ಆಮೇಲೆ ಇನ್ನೊಂದಿಷ್ಟು. ಸೂಗಮ್ಮ ರೂಪಾಳ ಕೆನ್ನೆ ತಟ್ಟುತ್ತ, "ಕಣ್ಣು ಮುಚ್ಚಬ್ಯಾಡ ಯವ್ವಾ, ನನ್ನ ನೋಡು," ಎನ್ನುತ್ತಲೇ ಇದ್ದರು. ಮುಳ್ಳು ಅರ್ಧಕ್ಕೆ ಬಂದೊಡನೆ ಅಮೀನ್‌ಸಾಬ್ ಹೊರಟರು. ಭಾರ ಕಡಿಮೆಯಾಗಲೆಂದು ಉಳಿದ ಹೆಂಗಸರು ದಂಡೆಯ ಮೇಲೆಯೇ ನಿಂತರು, ಬಿಸಿಲಲ್ಲಿ ನಡೆದೇ ಬಂದರು. ಜೀಪು ಎಲ್ಲೂ ನಿಲ್ಲದೆ ಸಿಂಧನೂರಿನ ಆಸ್ಪತ್ರೆ ಬಾಗಿಲಿಗೆ ಹೋಗಿ ನಿಂತಿತು. ರೂಪಾಳನ್ನು ಒಳಗೆ ಕರೆದೊಯ್ದ ಮೇಲೆ ಅಮೀನ್‌ಸಾಬರಿಗೆ ಸ್ಟೇರಿಂಗ್‌ನಿಂದ ಕೈ ಬಿಡಿಸಲು ಬರಲಿಲ್ಲ. ಬೆರಳುಗಳನ್ನು ಸೂಗಮ್ಮನೇ ಒಂದೊಂದಾಗಿ ಬಿಡಿಸಿದರು.

ರೂಪಾ ಬದುಕಿದಳು. ಬಲಗೈಯ ಒಂದು ಬೆರಳು ಈಗಲೂ ಮಡಚುವುದಿಲ್ಲ. ಜೀಪು ನಿಂತದ್ದಕ್ಕೇ ಬೆರಳು ಸೆಟೆದುಕೊಂಡಿತೋ ನಿಂತದ್ದಕ್ಕೇ ಜೀವ ಉಳಿಯಿತೋ ಎಂದು ವಿರೇಶನನ್ನು ಕೇಳಿದರೆ ಅವನು ಹೇಳುವುದು ಇಷ್ಟೇ: "ನನಗ ಇವತ್ತಿಗೂ ಗೊತ್ತಿಲ್ರಿ. ಅಕಿ ಮನ್ಯಾಗ ಅದಾಳ. ಅಷ್ಟು ಗೊತ್ತು."

ಅಮೀನ್‌ಸಾಬರಿಗೂ ಅದು ಗೊತ್ತಿಲ್ಲ. ಗೊತ್ತಿಲ್ಲದ್ದೇ ಅವರನ್ನು ಕಾಡುತ್ತದೆ. ಮೊದಲು ಹಬೆಗೆ ಮಾತ್ರ ಅಂಜುತ್ತಿದ್ದರು. ಈಗ ನಿಲ್ಲಿಸುವುದಕ್ಕೂ ಅಂಜಿಕೆ, ನಿಲ್ಲಿಸದಿರುವುದಕ್ಕೂ ಅಂಜಿಕೆ. ಮಧ್ಯಾಹ್ನ ಕೆಲಸದವರು ಗದ್ದೆಯಲ್ಲಿರುವಾಗ ಇನ್ನೊಮ್ಮೆ ಜಾಲರಿ ತೊಳೆಯುವ ರೂಢಿ ಅವತ್ತಿನಿಂದ ಶುರುವಾಗಿದೆ. ಈ ವರ್ಷದ ಆಸೆ ಏನು ಎಂದರೆ ದೊಡ್ಡದೇನೂ ಹೇಳುವುದಿಲ್ಲ. "ಜಾಲರಿ ಹಳೇದಾಗೈತ್ರಿ. ಇನ್ನೊಂದು ಚಲೋದು ಸಿಕ್ಕರ ಹಾಕಬೇಕು. ಮತ್ತ ಈ ಬ್ಯಾಸಿಗಿ ಸುಮ್ನ ದಾಟಿ ಹೋಗಬೇಕು."

ಸಂಜೆ ಮುಕ್ಕುಂದದ ಗದ್ದೆಗಳಿಂದ ಅವರ ಜೀಪಿನಲ್ಲಿ ನಾನೂ ತಿರುಗಿ ಬರುತ್ತೇನೆ. ಗಾಳಿ ಇನ್ನೂ ಕಾದ ಹಂಚಿನಂತಿದೆ. ರೂಪಾ ಮುಂದಿನ ಸೀಟಿನಲ್ಲಿ ಕೂತಿದ್ದಾಳೆ. ಕಾಲುವೆ ದಂಡೆಯ ಏರಿನಲ್ಲಿ ಮುಳ್ಳು ಮೇಲೇರತೊಡಗುತ್ತದೆ. ಒಂದು ಕರಿಜಾಲಿ ಮರ ಬಂದಾಗ ಅಮೀನ್‌ಸಾಬ್ ಜೀಪನ್ನು ಅದರ ನೆರಳಿಗೆ ತಿರುಗಿಸಿ ನಿಲ್ಲಿಸುತ್ತಾರೆ. ಸೂಗಮ್ಮ ಮೊದಲು ಇಳಿಯುತ್ತಾರೆ, ಅವರ ಹಿಂದೆ ಉಳಿದವರು. ಒಬ್ಬಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾಳೆ, ಇನ್ನೊಬ್ಬಳು ನೆಲಕ್ಕೆ ಕೂತು ಕಾಲು ಚಾಚುತ್ತಾಳೆ.

ಅಮೀನ್‌ಸಾಬ್ ನನ್ನ ಕಡೆ ಬಾಗಿ, ಅವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳುತ್ತಾರೆ:

"ನೋಡಿದ್ರಿ? ಯಾಕ ನಿಲ್ಸಿದಿ ಅಂತ ಒಬ್ಬರೂ ಕೇಳಲಿಲ್ಲ."